ಜೊತೆಗಿರುವುದೂ ದುಡಿಮೆಯೇ

'ಅವಳಿಗೇನು ಕೆಲಸ? ಅಜ್ಜಿಯ ಜೊತೆ ಸುಮ್ಮನೆ ಕುಳಿತಿರುತ್ತಾಳೆ' ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ! ಮಲ್ಲತ್ತಹಳ್ಳಿಯ ಕೆರೆ, ಕಲಾಗ್ರಾಮಗಳ ಆಸುಪಾಸಿನ ಬಡಾವಣೆಗಳಲ್ಲಿ ಮಕ್ಕಳು ಪರದೇಶದಲ್ಲಿ ನೆಲೆಸಿ, ವೃದ್ಧರಷ್ಟೇ ಉಳಿದಿರುವ ಮನೆಗಳಿವೆ. ಏಜೆನ್ಸಿಯಿಂದ ಬಂದ ಹೆಣ್ಣುಮಗಳೊಬ್ಬಳು ಅಲ್ಲಿ ಹಗಲಿರುಳು ಜೊತೆಗಿರುತ್ತಾಳೆ. ಆಕೆಯ ಸಂಬಳದ ಚೌಕಾಶಿ ಮಾತ್ರ ಫೋನಿನಲ್ಲಿ ಬಲು ಜೋರು. ಸ್ನಾನ ಮಾಡಿಸಲು ಇಷ್ಟು, ಬಟ್ಟೆ ಬದಲಿಸಲು ಇಷ್ಟು, ಜೊತೆಗಿರುವುದು ಉಚಿತ!

ಈ 'ಉಚಿತ'ವನ್ನು ತುಸು ಬಿಡಿಸಿ ನೋಡೋಣ. ಮರೆವಿನ ಕಾಯಿಲೆಯ ಅನೇಕರಲ್ಲಿ ಸಂಜೆಯಾಗುತ್ತಿದ್ದಂತೆ ತಳಮಳ ಹೆಚ್ಚುತ್ತದೆ. ತಮ್ಮ ಮನೆಯಲ್ಲೇ ಇದ್ದು 'ಮನೆಗೆ ಹೋಗಬೇಕು' ಎಂದು ಬಾಗಿಲಿಗೆ ಬರುತ್ತಾರೆ. ಎಂದೋ ತೀರಿಕೊಂಡ ಪತಿ ಊಟಕ್ಕೇಕೆ ಬರಲಿಲ್ಲವೆಂದು ಕೇಳುತ್ತಾರೆ. 'ಅವರು ಹೋಗಿ ವರ್ಷಗಳಾದವು' ಎಂದರೆ ಆ ಸಾವು ಅವರ ಪಾಲಿಗೆ ಹೊಸದಾಗಿ ಸಂಭವಿಸುತ್ತದೆ. 'ಈಗ ಬರುತ್ತಾರೆ' ಎಂದರೆ ಕಾಯುವಿಕೆ ಬೆಳೆಯುತ್ತದೆ. ಅನುಭವಿ ಜೊತೆಗಾತಿ ಎರಡನ್ನೂ ಹೇಳುವುದಿಲ್ಲ. 'ಅವರಿಗೆ ಯಾವ ಸಾರು ಇಷ್ಟವಮ್ಮಾ?' ಎಂದು ಕೇಳಿ, ಮಾತನ್ನೂ ಹೆಜ್ಜೆಯನ್ನೂ ಅಡುಗೆಮನೆಯತ್ತ ತಿರುಗಿಸುತ್ತಾಳೆ. ಒಂದೇ ಪ್ರಶ್ನೆಗೆ ಹತ್ತನೆಯ ಬಾರಿಯೂ ಮೊದಲಿನ ದನಿಯಲ್ಲೇ ಉತ್ತರ. ಕಳ್ಳಿಯೆಂದು ಬೈಸಿಕೊಂಡ ಮೇಲೂ ತುತ್ತು ನೀಡುವ ಕೈ ಒರಟಾಗುವಂತಿಲ್ಲ. ಊರಿನಲ್ಲಿ ತನ್ನ ಮಗುವಿಗೆ ಜ್ವರವೆಂಬ ಆತಂಕ ಮುಖದಲ್ಲಿ ಕಾಣುವಂತಿಲ್ಲ. ಹೆಸರುಗಳನ್ನು ಮರೆತವರಿಗೂ ಎದುರಿನವರ ಮುಖಭಾವ ತಿಳಿಯುತ್ತದೆ. ನಮ್ಮಲ್ಲಿ ಎಷ್ಟು ಮಂದಿ ಇದನ್ನು ಅರ್ಧ ದಿನ ಮಾಡಬಲ್ಲೆವು?

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಗ್ರಂಥದಲ್ಲಿ ಗಗನಸಖಿಯರ ನಗುವಿನ ಹಿಂದಿನ ಶ್ರಮವನ್ನು ಪರಿಶೀಲಿಸಿ, ಅದನ್ನು ಭಾವನಾತ್ಮಕ ದುಡಿಮೆ ಎಂದು ಕರೆದರು. ಗಗನಸಖಿಯ ಪ್ರಯಾಣಿಕರಾದರೂ ಕೆಲವು ಗಂಟೆಗಳಲ್ಲಿ ಇಳಿದು ಹೋಗುತ್ತಾರೆ.

'ಪ್ರೀತಿಗೆ ಬೆಲೆ ಕಟ್ಟಲಾದೀತೇ?' ಎನ್ನುವವರಿದ್ದಾರೆ. ಕೇಳಲು ಸೊಗಸಾದ ಮಾತು. ಆದರೆ ಅದನ್ನಾಡುವವರು ಸಾಮಾನ್ಯವಾಗಿ ಸಂಬಳ ಕೊಡಬೇಕಾದವರೇ! ದಾದಿಯರಿಗೆ, ಶಿಕ್ಷಕರಿಗೆ, ನಮ್ಮಂಥ ಗುರುಗಳಿಗೂ ಸೇವೆಯಿಂದಲೇ ಜೀವನಾಧಾರ ದೊರೆಯುತ್ತದೆ. ಆ ಕಾರಣಕ್ಕೆ ನಮ್ಮ ಸಾಂತ್ವನ ಸುಳ್ಳೆಂದು ಯಾರೂ ಹೇಳುವುದಿಲ್ಲ.

ಮನೆಗೆಲಸಕ್ಕೆ 2004ರಲ್ಲೇ ಕನಿಷ್ಠ ವೇತನ ಗೊತ್ತುಪಡಿಸಿದ ರಾಜ್ಯ ನಮ್ಮದು. ವಾರಕ್ಕೆ ಸತತ 24 ಗಂಟೆಗಳ ವಿಶ್ರಾಂತಿ ಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ ಒಡಂಬಡಿಕೆ ಹೇಳುತ್ತದೆ. ಭಾರತ ಅದನ್ನಿನ್ನೂ ಅನುಮೋದಿಸಿಲ್ಲ. ಸರಿ, ನಮ್ಮ ಮನೆಯಲ್ಲಿ ವಾರದ ರಜೆ ಕೊಡಲು ದೆಹಲಿಯ ಅಪ್ಪಣೆ ಬೇಕೇ?

ಅಜ್ಜಿ ತೀರಿಕೊಂಡ ದಿನ ಶವಪೆಟ್ಟಿಗೆಯ ಸುತ್ತ ಬಂಧುಗಳು ನಿಲ್ಲುತ್ತಾರೆ. ಕೊನೆಯ ತುತ್ತು ಉಣಿಸಿದವಳು ಕಾಫಿ ಹಂಚುತ್ತಿರುತ್ತಾಳೆ. ಅಳಲು ಅವಳಿಗೆ ಸ್ಥಳವೂ ಇಲ್ಲ, ಸಮಯವೂ ಇಲ್ಲ. ಏಜೆನ್ಸಿಯವರು ಇನ್ನೊಂದು ಮನೆಗೆ ಕಳುಹಿಸುತ್ತಾರೆ. ಸಾವು ತಿಂಗಳ ನಡುವೆ ಬಂದಿತೆಂದು ಉಳಿದ ದಿನಗಳ ಸಂಬಳ ಕಡಿಯುವವರೂ ಉಂಟು. ಆ ತಿಂಗಳ ಸಂಬಳವನ್ನು ಪೂರ್ತಿ ಕೊಡಿ. ಏಳನೆಯ ದಿನದ ಬಲಿಪೂಜೆಗೆ ಅವಳನ್ನೂ ಕರೆಯಿರಿ, ಮನೆಯವರ ಸಾಲಿನಲ್ಲೇ ಕೂರಿಸಿ.