ತಾತ್ಕಾಲಿಕ ಅಂತ ಸೇರಿಸಿದ ಒಂದು ಸಾಲು

ಅಪ್ರೈಸಲ್ ಫಾರ್ಮ್ ತುಂಬೋ ಕಾಲ ಬಂದಾಗ ಕೆಲವು ಕೆಲಸಗಳನ್ನ ಏನಂತ ಬರೆಯೋದು ಅನ್ನೋದೇ ಗೊತ್ತಾಗಲ್ಲ. ಹೊಸ ಫೀಚರ್ ಮಾಡಿದ್ದರೆ ಬರೆಯಬಹುದು. ಬಗ್ ಸರಿ ಮಾಡಿದ್ದರೆ ಎಣಿಸಿ ಹೇಳಬಹುದು. "ಹೆಡರ್ ಫೈಲ್‌ಗಳನ್ನ ಕ್ಲೀನ್ ಮಾಡಿದೆ" ಅಂತ ಬರೆದರೆ ಮಾತ್ರ ಮ್ಯಾನೇಜರ್ ತಲೆ ಎತ್ತಿ ನೋಡ್ತಾರೆ. "ಸರಿ, ಅದರಿಂದ ಏನು ಬದಲಾಯ್ತು?"

ಪ್ರಾಮಾಣಿಕ ಉತ್ತರ: ಏನೂ ಬದಲಾಗಿಲ್ಲ. ಮೊದಲು ಹೇಗೆ ಓಡ್ತಿತ್ತೋ ಈಗಲೂ ಹಾಗೇ ಓಡ್ತಿದೆ. ಹಾಗೇ ಓಡಬೇಕು ಅನ್ನೋದಕ್ಕೇ ಅಷ್ಟು ದಿನ ಹಿಡಿದಿದ್ದು. ಇದನ್ನ ಫಾರ್ಮಿನ ಯಾವ ಕಾಲಂನಲ್ಲಿ ಬರೆಯೋಣ ಹೇಳಿ?

ಈ ವಾರ ಆ ಕೆಲಸದ ಬಗ್ಗೆಯೇ ಬರೀತೀನಿ. ಕೋಡ್ ಬರೆಯದವರೂ ಓದಬಹುದು, ತೊಂದರೆ ಇಲ್ಲ.

ನಿಮ್ಮ ಫೋನಿನಲ್ಲಿ ಕ್ಯಾಮೆರಾ, ಟಚ್, ಬ್ಯಾಟರಿ, ವೈಫೈ ಎಲ್ಲಕ್ಕೂ ಚಿಪ್‌ಗಳಿವೆ. ಆ ಚಿಪ್‌ಗಳ ಜೊತೆ ನೇರವಾಗಿ ಮಾತಾಡುವ ಕೋಡಿಗೆ ಡ್ರೈವರ್ ಅಂತಾರೆ. ಹೆಚ್ಚಿನದು ಸಿ ಭಾಷೆಯಲ್ಲಿರುತ್ತೆ. ಹತ್ತಾರು ಡ್ರೈವರ್‌ಗಳಿಗೆ ಒಂದೇ ಮಾಹಿತಿ ಬೇಕಾಗುತ್ತೆ: ಯಾವ ವಿಳಾಸದಲ್ಲಿ ಯಾವ ರಿಜಿಸ್ಟರ್ ಇದೆ, ಯಾವ ಫಂಕ್ಷನ್ನಿಗೆ ಏನು ಕೊಡಬೇಕು, ಡೇಟಾ ಯಾವ ಆಕಾರದಲ್ಲಿರಬೇಕು. ಇದನ್ನೆಲ್ಲ ಒಂದು ಕಡೆ ಬರೆದಿಟ್ಟ ಫೈಲೇ ಹೆಡರ್. ಡ್ರೈವರ್ ಫೈಲಿನ ತಲೆಭಾಗದಲ್ಲಿ "ಇನ್‌ಕ್ಲೂಡ್" ಅಂತ ಒಂದು ಸಾಲು ಹಾಕಿದರೆ ಸಾಕು, ಆ ಹೆಡರಿನಲ್ಲಿರೋದೆಲ್ಲ ಅಲ್ಲಿಗೆ ಬಂದುಬಿಡುತ್ತೆ.

ತೊಂದರೆ ಶುರುವಾಗೋದು ಹೆಡರ್ ಒಳಗೆ ಇನ್ನೊಂದು ಹೆಡರ್, ಅದರೊಳಗೆ ಮತ್ತೊಂದು ಸೇರಿಕೊಂಡಾಗ. ವಠಾರದ ಬದುಕು ನೆನಪು ಮಾಡಿಕೊಳ್ಳಿ. ನಿಮ್ಮ ಮನೇಲಿ ಇಂಗು ಇಲ್ಲ. ಪಕ್ಕದ ಮನೆಯಿಂದ ತಂದು ಒಗ್ಗರಣೆ ಹಾಕ್ತೀರಿ. ಅವರ ಮನೇಲೂ ಇಂಗು ಇಲ್ಲ, ಅವರು ಮೇಲಿನ ಮನೆಯಿಂದ ತಂದುಕೊಡ್ತಿದ್ದಾರೆ. ಮೇಲಿನ ಮನೆಯವರು ಒಂದಿನ ಮನೆ ಖಾಲಿ ಮಾಡಿದರು. ಅವತ್ತು ನಿಮ್ಮ ಸಾರಿಗೆ ಒಗ್ಗರಣೆ ಇಲ್ಲ. ಯಾಕೆ ಅಂತ ನಿಮಗೂ ಗೊತ್ತಾಗಲ್ಲ. ನಿಮ್ಮ ಸಾಮಾನು ಪಟ್ಟಿಯಲ್ಲಿ ಇಂಗು ಯಾವತ್ತೂ ಇರಲೇ ಇಲ್ಲ!

ಡ್ರೈವರ್ ಕೋಡಿನಲ್ಲೂ ಇದೇ ಕಥೆ. ತನಗೆ ಬೇಕಾದ ಹೆಡರನ್ನ ತಾನೇ ಕೇಳದೆ, ಬೇರೆಯವರ ಮೂಲಕ ಬಂದಿದ್ದನ್ನ ಬಳಸ್ತಾ ಇರುವ ಫೈಲ್‌ಗಳು ಲೆಕ್ಕವಿಲ್ಲದಷ್ಟು.

ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ಲಿನಕ್ಸ್ ಕರ್ನಲ್‌ನದು. ಅಲ್ಲಿ ಎರಡು ಹೆಡರ್‌ಗಳಿದ್ದವು, ಓಎಫ್-ಡಿವೈಸ್ ಮತ್ತು ಓಎಫ್-ಪ್ಲಾಟ್‌ಫಾರ್ಮ್. ಬೋರ್ಡಿನ ಮೇಲೆ ಯಾವ್ಯಾವ ಚಿಪ್ ಇದೆ ಅಂತ ಹೇಳುವ 'ಡಿವೈಸ್ ಟ್ರೀ'ಗೆ ಸಂಬಂಧಪಟ್ಟವು. 2010ರ ಸುಮಾರಿಗೆ ದೊಡ್ಡ ಬದಲಾವಣೆ ನಡೆಯುವಾಗ, ಸದ್ಯಕ್ಕೆ ಇರಲಿ ಅಂತ ಒಂದು ಇನ್ನೊಂದನ್ನ ಸೇರಿಸಿಕೊಳ್ಳುವ ಹಾಗೆ ಮಾಡಿದರು. ಯಾವುದನ್ನ ಕೇಳಿದರೂ ಎರಡೂ ಬರ್ತಿತ್ತು, ಜೊತೆಗೆ ಇನ್ನೂ ಕೆಲವು ಬರ್ತಿದ್ದವು. ಹಾಗಾಗಿ ಡ್ರೈವರ್ ಬರೆಯೋರು ಕೈಗೆ ಸಿಕ್ಕಿದ್ದನ್ನ ಹಾಕಿಕೊಂಡರು. ಎಲ್ಲವೂ ಓಡ್ತಿತ್ತು.

ಆ 'ಸದ್ಯಕ್ಕೆ' 13 ವರ್ಷ ನಡೀತು. 2023ರಲ್ಲಿ ಡಿವೈಸ್ ಟ್ರೀ ಮೇಂಟೇನರ್ ರಾಬ್ ಹೆರಿಂಗ್ ಈ ಗಂಟು ಬಿಚ್ಚಲು ಕೂತರು. ಗಂಟು ಬಿಚ್ಚೋ ಮೊದಲು ಕರ್ನಲ್‌ನ ಉದ್ದಗಲಕ್ಕೂ ಇರುವ ಡ್ರೈವರ್‌ಗಳಿಗೆ ಹೋಗಿ, "ನಿನಗೆ ನಿಜವಾಗಿ ಬೇಕಾಗಿರೋದು ಯಾವುದು, ಅದನ್ನ ನೀನೇ ಕೇಳು" ಅಂತ ಸಾಲು ತಿದ್ದಬೇಕಾಯ್ತು. ಹಾಕುವಾಗ ಒಂದೆರಡು ಸಾಲು, ತೆಗೆಯುವಾಗ ನೂರಾರು ಫೈಲು.

"ಓಡ್ತಿತ್ತಲ್ಲ, ಬಿಟ್ಟಿದ್ದರೆ ಏನಾಗ್ತಿತ್ತು?" ಅಂತ ಕೇಳಬಹುದು. ಮೊದಲನೇ ನಷ್ಟ ಸಮಯದ್ದು. ಒಂದು ಸಣ್ಣ ಡ್ರೈವರ್ ಕಂಪೈಲ್ ಮಾಡಲು ಕಂಪೈಲರ್ ಸಾವಿರಾರು ಸಾಲು ಹೆಡರ್ ಓದಬೇಕು. ಎಲ್ಲರೂ ಬಳಸುವ ಹೆಡರಿನಲ್ಲಿ ಒಂದು ಅಕ್ಷರ ಬದಲಿಸಿದರೂ ಅರ್ಧ ಪ್ರಾಜೆಕ್ಟ್ ಮತ್ತೆ ಬಿಲ್ಡ್ ಆಗಬೇಕು. ಕರ್ನಲ್‌ನ ಹಳೆಯ ತಲೆ ಇಂಗೋ ಮೋಲ್ನಾರ್ ಇದಕ್ಕಾಗಿ ಒಂದು ವರ್ಷಕ್ಕೂ ಹೆಚ್ಚು ಕೆಲಸ ಮಾಡಿ, 2022ರ ಜನವರಿಯಲ್ಲಿ ಸುಮಾರು 2,300 ಪ್ಯಾಚ್‌ಗಳನ್ನ ಒಟ್ಟಿಗೆ ಮುಂದಿಟ್ಟರು. ಕಾನ್ಫಿಗರೇಷನ್ ನೋಡಿಕೊಂಡು ಬಿಲ್ಡ್ ವೇಗ 50ರಿಂದ 80 ಪರ್ಸೆಂಟ್ ಹೆಚ್ಚುತ್ತೆ ಅಂದರು. ಕರ್ನಲ್‌ನ ಅರ್ಧಕ್ಕಿಂತ ಹೆಚ್ಚು ಫೈಲ್‌ಗಳನ್ನ ಮುಟ್ಟಿದ ಕೆಲಸ ಅದು. ಅಷ್ಟು ದೊಡ್ಡದನ್ನ ಒಂದೇ ಸಲ ಒಳಗೆ ಬಿಟ್ಟುಕೊಳ್ಳೋದು ಯಾರಿಗೂ ಆಗಲಿಲ್ಲ. ಅದೇ ದಾರಿಯಲ್ಲಿ ಆಮೇಲೆ ತುಂಡು ತುಂಡಾಗಿ ಕೆಲಸ ನಡೀತಿದೆ.

ಎರಡನೇ ನಷ್ಟ ಇನ್ನೂ ದೊಡ್ಡದು. ಅದನ್ನ ಹೇಳೋಕೆ ನಮ್ಮೂರಿನ ರೈಲೇ ಬೇಕು.

ನಮ್ಮೂರು ಬದನಗುಪ್ಪೆ. ಮೈಸೂರಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ನಿಲ್ದಾಣ. ನಾನು ಚಿಕ್ಕವನಿದ್ದಾಗ ಅಲ್ಲಿ ಓಡ್ತಿದ್ದುದು ಮೀಟರ್‌ಗೇಜ್ ರೈಲು. ಹಳಿಗಳ ನಡುವೆ 1,000 ಮಿಲಿಮೀಟರ್. ಬ್ರಾಡ್‌ಗೇಜ್ ಅಂದರೆ 1,676. ಎರಡಕ್ಕೂ ನಾವು ಹೇಳೋದು 'ರೈಲು', 'ಹಳಿ', 'ಬೋಗಿ' ಅಂತಲೇ. ಹೆಸರು ಒಂದೇ ಅಂತ ಒಂದರ ಬೋಗಿಯನ್ನ ಇನ್ನೊಂದರ ಮೇಲೆ ಓಡಿಸೋಕಾಗುತ್ತಾ? ಈ ತಾಪತ್ರಯ ಮುಗಿಸೋಕೇ ಭಾರತೀಯ ರೈಲ್ವೆ 1992ರಲ್ಲಿ ಯುನಿಗೇಜ್ ಯೋಜನೆ ಶುರು ಮಾಡಿದ್ದು. ಈಗ ನಮ್ಮೂರಲ್ಲೂ ಬ್ರಾಡ್‌ಗೇಜ್.

ಒಂದು ಕಾಲದಲ್ಲಿ ಆರ್ಮ್ ಚಿಪ್‌ಗಳ ಲಿನಕ್ಸ್ ಕೋಡಿನಲ್ಲೂ ಇದೇ ಪರಿಸ್ಥಿತಿ ಇತ್ತು. ಒಂದೊಂದು ಚಿಪ್ ಕುಟುಂಬಕ್ಕೂ 'ಮ್ಯಾಕ್' ಅನ್ನೋ ಹೆಸರಿನ ಬೇರೆ ಬೇರೆ ಹೆಡರ್ ಫೋಲ್ಡರ್. ಒಳಗೆ ಅದೇ 'ಹಾರ್ಡ್‌ವೇರ್', ಅದೇ 'ಜಿಪಿಐಒ' ಅನ್ನೋ ಫೈಲ್‌ಗಳು. ಹೆಸರು ಒಂದೇ, ಒಳಗಿರೋದು ಬೇರೆ. ಹಾಗಾಗಿ ಒಂದು ಕುಟುಂಬಕ್ಕೆ ಬಿಲ್ಡ್ ಮಾಡಿದ ಕರ್ನಲ್ ಇನ್ನೊಂದಕ್ಕೆ ಆಗ್ತಿರಲಿಲ್ಲ. 2011ರ ಮಾರ್ಚ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರ್ಮ್ ಕೋಡಿನ ಗೋಜಲಿನ ಬಗ್ಗೆ ಬಹಿರಂಗವಾಗಿಯೇ ರೇಗಿದರು. ಆಮೇಲೆ ದೊಡ್ಡ ಶುದ್ಧೀಕರಣ ನಡೀತು. ಡ್ರೈವರ್‌ಗೆ ಬೇಕಾದದ್ದನ್ನ ಈ ಫೋಲ್ಡರ್‌ಗಳಿಂದ ಹೊರಗೆ ತಂದರು. ಚಿಪ್‌ಗೆ ಮಾತ್ರ ಸಂಬಂಧಪಟ್ಟದ್ದನ್ನ ಅದರ ಮನೆಯೊಳಗೇ ಇಟ್ಟರು. 2012ರ ಡಿಸೆಂಬರ್‌ನಲ್ಲಿ ಬಂದ 3.7ನೇ ಆವೃತ್ತಿಯಲ್ಲಿ ಮೊದಲ ಸಲ ಕೆಲವು ಕುಟುಂಬಗಳು ಒಂದೇ ಕರ್ನಲ್‌ನಲ್ಲಿ ಓಡಿದವು. ಉಳಿದವು ಆಮೇಲೆ ಒಂದೊಂದಾಗಿ ಬಂದು ಸೇರಿದವು.

ಹೀಗೆ ಸೇರಿದ್ದರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಒಮ್ಯಾಪ್ ಚಿಪ್‌ಗಳೂ ಇದ್ದವು. ಆ ಕಂಪನಿ 1985ರಲ್ಲೇ ಬೆಂಗಳೂರಿಗೆ ಬಂದು ಕೂತಿದೆ. ಅದರ ಚಿಪ್‌ಗಳಿಗೆ ಸಂಬಂಧಿಸಿದ ಕರ್ನಲ್ ಕೋಡಿನ ಇತಿಹಾಸ ತೆಗೆದು ನೋಡಿ, ಬೆಂಗಳೂರಿನ ಎಂಜಿನಿಯರ್‌ಗಳ ಹೆಸರೂ ಸಿಗುತ್ತವೆ. ಇದು ಎಲ್ಲೋ ದೂರದವರ ಕೆಲಸವೇನಲ್ಲ.

ರೈಲಿಗೂ ಕೋಡಿಗೂ ಒಂದು ವ್ಯತ್ಯಾಸ ಇದೆ. ಗೇಜ್ ಬದಲಿಸುವಾಗ ಸಾಮಾನ್ಯವಾಗಿ ಆ ಮಾರ್ಗದ ರೈಲು ನಿಲ್ಲಿಸಿ, ಹಳಿ ಕಿತ್ತು ಹಾಕ್ತಾರೆ. ನಮಗೆ ಆ ಅನುಕೂಲ ಇಲ್ಲ. ರೈಲು ಓಡ್ತಿರುವಾಗಲೇ ಹಳಿ ಬದಲಿಸಬೇಕು. ಬೋಗಿಯಲ್ಲಿ ಕೂತವರಿಗೆ ಗೊತ್ತೂ ಆಗಬಾರದು.

ಗೊತ್ತಾದರೆ ಏನಾಗುತ್ತೆ ಅನ್ನೋದನ್ನ ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಕಣ್ಣಾರೆ ಕಂಡೆ. ಟೀಮಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಒಂದು ಡ್ರೈವರ್ ಫೈಲಿನಲ್ಲಿ ಇನ್‌ಕ್ಲೂಡ್ ಸಾಲುಗಳು ಅಸ್ತವ್ಯಸ್ತವಾಗಿವೆ ಅಂತ ಅಕ್ಷರಕ್ರಮದಲ್ಲಿ ಜೋಡಿಸಿದಳು. ನಮ್ಮದೇ ಗೈಡ್‌ಲೈನ್ ಹಾಗೆ ಮಾಡಿ ಅನ್ನುತ್ತಿತ್ತು. ರಿವ್ಯೂ ಪಾಸಾಯ್ತು, ಕಂಪೈಲ್ ಆಯ್ತು, ಒಂದು ವಾರ್ನಿಂಗೂ ಬರಲಿಲ್ಲ. ಎರಡು ದಿನ ಬಿಟ್ಟು ಒಂದೇ ಒಂದು ಮಾದರಿಯ ಬೋರ್ಡಿನಲ್ಲಿ ಸೆನ್ಸರ್ ಕಸದಂಥ ಸಂಖ್ಯೆ ಕೊಡೋಕೆ ಶುರು ಮಾಡ್ತು.

ಮೀಟಿಂಗಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಓಡ್ತಾ ಇರೋದನ್ನ ಯಾಕೆ ಮುಟ್ಟೋಕೆ ಹೋದ್ರಿ?" ಪಾಪ, ಅವಳಿಗೆ ಉತ್ತರ ಹೇಳೋಕೂ ಬಾಯಿ ಬರಲಿಲ್ಲ. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ.

ಅವಳೂ ನಾನೂ ಕೂತು ಹುಡುಕಿದೆವು. ಆ ಬೋರ್ಡಿಗೆ ಮಾತ್ರ ಬೇಕಾದ ಒಂದು ಹಳೇ ಹೆಡರಿನಲ್ಲಿ, "ಇಲ್ಲಿಂದ ಮುಂದೆ ಡೇಟಾ ನಡುವೆ ಖಾಲಿ ಜಾಗ ಬಿಡಬೇಡ" ಅಂತ ಕಂಪೈಲರ್‌ಗೆ ಹೇಳುವ 'ಪ್ರಾಗ್ಮಾ ಪ್ಯಾಕ್' ಸಾಲು ಇತ್ತು. "ಇಲ್ಲಿಗೆ ಸಾಕು" ಅಂತ ಮುಗಿಸುವ ಸಾಲು ಇರಲೇ ಇಲ್ಲ. ಅಂದರೆ ಆ ಹೆಡರ್ ಆದಮೇಲೆ ಬರುವ ಎಲ್ಲ ಹೆಡರ್‌ಗಳಿಗೂ ಅದೇ ನಿಯಮ ಅಂಟಿಕೊಳ್ತಿತ್ತು. ಒಂದು ಬೈಟಿನ ಗುರುತು, ಅದರ ಹಿಂದೆ ನಾಲ್ಕು ಬೈಟಿನ ಸಂಖ್ಯೆ ಇರುವ ಡೇಟಾ ಸಾಮಾನ್ಯವಾಗಿ 8 ಬೈಟ್ ಜಾಗ ಹಿಡಿಯುತ್ತೆ. ಈ ನಿಯಮ ಬಿದ್ದರೆ 5 ಬೈಟ್. ಮೊದಲು ಆ ಹೆಡರ್ ಪಟ್ಟಿಯ ಕೊನೆಯಲ್ಲಿತ್ತು, ಅಂಟಿಕೊಳ್ಳೋಕೆ ಯಾರೂ ಇರಲಿಲ್ಲ. ಅಕ್ಷರಕ್ರಮದಲ್ಲಿ ಅದು ಮೇಲೆ ಬಂತು. ಒಂದು ಫೈಲು ಸಂಖ್ಯೆಯನ್ನ ಒಂದು ಜಾಗದಲ್ಲಿ ಬರೀತಿತ್ತು, ಇನ್ನೊಂದು ಫೈಲು ಬೇರೆ ಜಾಗದಲ್ಲಿ ಓದ್ತಿತ್ತು.

ತಪ್ಪು ವರ್ಷಗಳಿಂದ ಅಲ್ಲೇ ಕೂತಿತ್ತು. ಕಸ ಗುಡಿಸಿದವಳಿಗೆ ಸಿಕ್ಕಿತು, ಅವಳ ತಲೆಗೇ ಬಂತು. ಗುಡಿಸದೇ ದಾಟಿ ಹೋದವರನ್ನ ಯಾರೂ ಕೇಳಲಿಲ್ಲ. ಎಷ್ಟೋ ಕಡೆ ಹೆಡರ್‌ಗಳು ಹಾಗೇ ಉಳಿಯೋದು ಇದಕ್ಕೇ. ಕೆಲಸ ಗೊತ್ತಿಲ್ಲ ಅಂತಲ್ಲ, ಮುಟ್ಟಿದವರು ಕೆಡ್ತಾರೆ ಅನ್ನೋ ಭಯ.

ಆ ಭಯಕ್ಕೆ ಮದ್ದು ಇದೆ. ಕರ್ನಲ್‌ನವರು ಮಾಡೋದೂ ಹೆಚ್ಚುಕಮ್ಮಿ ಇದನ್ನೇ. ನಾಳೆ ನೀವೇ ಗುಡಿಸಲು ಹೊರಟರೆ ನೆನಪಿಟ್ಟುಕೊಳ್ಳಿ.

ಮೊದಲು ಸೇರಿಸಿ, ಆಮೇಲೆ ತೆಗೆಯಿರಿ. ಪ್ರತಿ ಡ್ರೈವರ್ ತನಗೆ ಬೇಕಾದ ಹೆಡರನ್ನ ತಾನೇ ಕೇಳುವ ಹಾಗೆ ಮಾಡಿ. ಎಲ್ಲರೂ ತಮ್ಮ ಮನೆಗೆ ಇಂಗು ತಂದುಕೊಂಡ ಮೇಲೆ ಮೇಲಿನ ಮನೆ ಖಾಲಿ ಮಾಡಿಸಿ.

ಪಾಯಿಂಟರ್ ಮಾತ್ರ ಬೇಕಿದ್ದ ಕಡೆ ಇಡೀ ಹೆಡರ್ ಎಳೆಯಬೇಡಿ. "ಈ ಹೆಸರಿನ ಸ್ಟ್ರಕ್ಟ್ ಒಂದಿದೆ" ಅಂತ ಒಂದೇ ಸಾಲಿನಲ್ಲಿ ಘೋಷಿಸಿದರೆ ಸಾಕು.

ಒಂದು ಪ್ಯಾಚಿನಲ್ಲಿ ಒಂದೇ ಹೆಡರ್. ಪ್ರತಿ ಹೆಜ್ಜೆಯಲ್ಲೂ ನಿಮ್ಮ ಎಲ್ಲ ಬೋರ್ಡುಗಳ ಬಿಲ್ಡ್ ಆಗಲೇಬೇಕು. ನಾಳೆ ಏನಾದರೂ ಕೆಟ್ಟರೆ ಬೈಸೆಕ್ಟ್ ಮಾಡಿ ಇಂಥ ಪ್ಯಾಚೇ ಅಂತ ಬೆರಳಿಟ್ಟು ತೋರಿಸಬಹುದು.

ಮೊದಲಿನ ಮತ್ತು ಆಮೇಲಿನ ಆಬ್ಜೆಕ್ಟ್ ಫೈಲ್‌ಗಳನ್ನ ಹೋಲಿಸಿ. ಬರೀ ಇನ್‌ಕ್ಲೂಡ್ ಸಾಲು ಸರಿಸಿದ್ದರೆ, ಲೈನ್ ನಂಬರ್‌ನಂಥ ಸಣ್ಣಪುಟ್ಟ ವಿಷಯ ಬಿಟ್ಟು ಮಷೀನ್ ಕೋಡ್ ಹಾಗೇ ಇರಬೇಕು. ಇಲ್ಲದಿದ್ದರೆ ಅಲ್ಲೇ ನಿಲ್ಲಿ.

ಹಾರ್ಡ್‌ವೇರ್ ನೋಡುವ ಪ್ರತಿ ಸ್ಟ್ರಕ್ಟಿನ ಪಕ್ಕ "ಇದರ ಅಳತೆ 8 ಬೈಟ್, ತಪ್ಪಿದರೆ ಬಿಲ್ಡ್ ನಿಲ್ಲಿಸು" ಅಂತ ಸ್ಟ್ಯಾಟಿಕ್ ಅಸರ್ಟ್ ಹಾಕಿ. ನಾವು ಹಾಕಿದ್ದೂ ಅದನ್ನೇ. ಅದು ಮೊದಲೇ ಇದ್ದಿದ್ದರೆ ಆ ಹುಡುಗಿಗೆ ತಪ್ಪು ಐದು ನಿಮಿಷದಲ್ಲಿ ಅವಳ ಸ್ಕ್ರೀನಿನ ಮೇಲೇ ಗೊತ್ತಾಗ್ತಿತ್ತು. ಮೀಟಿಂಗಿನ ಅಗತ್ಯವೇ ಬರ್ತಿರಲಿಲ್ಲ.

ಅಪ್ರೈಸಲ್ ಫಾರ್ಮಿಗೂ ಒಂದು ಉಪಾಯ ಇದೆ. ಶುರು ಮಾಡೋ ಮೊದಲು ಎರಡು ಅಂಕಿ ಬರೆದಿಟ್ಟುಕೊಳ್ಳಿ: ಪೂರ್ತಿ ಬಿಲ್ಡಿಗೆ ಎಷ್ಟು ನಿಮಿಷ, ಆ ಹೆಡರ್ ಮುಟ್ಟಿದರೆ ಎಷ್ಟು ಫೈಲ್ ಮತ್ತೆ ಕಂಪೈಲ್ ಆಗುತ್ತೆ. ಮುಗಿದ ಮೇಲೆ ಮತ್ತೆ ಅಳೆಯಿರಿ. ನಮ್ಮ ಮ್ಯಾನೇಜರ್‌ಗಳಿಗೆ ಅಂಕಿ ಅರ್ಥವಾಗುತ್ತೆ. ಮ್ಯಾನೇಜರ್ ಆಗಿ ಇದನ್ನ ಓದ್ತಿರೋರಿಗೂ ಒಂದು ಮಾತು: ಮುಂದಿನ ಸಲ ಏನಾದರೂ ಕೆಟ್ಟಾಗ "ಯಾರು ಮುಟ್ಟಿದ್ದು?" ಅನ್ನೋ ಮೊದಲು "ಯಾವಾಗಿಂದ ಹೀಗಿತ್ತು?" ಅಂತ ಕೇಳಿ ನೋಡಿ.

ಇನ್ನು ನಮಗೆಲ್ಲ ಅನ್ವಯಿಸೋದು ಒಂದಿದೆ. ರಿಲೀಸ್ ಹಿಂದಿನ ರಾತ್ರಿ ಕೋಡಿನಲ್ಲಿ 'ತಾತ್ಕಾಲಿಕ' ಅಂತ ಕಾಮೆಂಟ್ ಬರೀತೀವಲ್ಲ, ಅದರ ಪಕ್ಕ ಇನ್ನೆರಡು ಪದ ಸೇರಿಸಿ: ತೆಗೆಯೋರು ಯಾರು, ಯಾವಾಗ. ಅಷ್ಟು ಬರೆಯೋಕಾಗದಿದ್ದರೆ ಆ ಸಾಲಿಗೆ ಇನ್ನು 13 ವರ್ಷ ಆಯಸ್ಸಿದೆ ಅಂತಲೇ ಲೆಕ್ಕ.