ಅಂಗನವಾಡಿಗೆ ಬಿರಿಯಾನಿ ಬಂತು, ಊಟದ ಪಾಠ ಯಾವಾಗ?

2025ರ ಆರಂಭದಲ್ಲಿ ಕೇರಳದ ಪುಟ್ಟ ಹುಡುಗನೊಬ್ಬನ ವೀಡಿಯೊ ನಮ್ಮೆಲ್ಲರ ಮೊಬೈಲಿಗೂ ಬಂದಿತ್ತು. ಅಂಗನವಾಡಿಯಲ್ಲಿ ಉಪ್ಪಿಟ್ಟು ಬೇಡ, ಬಿರಿಯಾನಿ ಮತ್ತು ಕೋಳಿ ಫ್ರೈ ಬೇಕು ಅಂತ ಅವನ ಬೇಡಿಕೆ. ನಾವು ನಕ್ಕು ಫಾರ್ವರ್ಡ್ ಮಾಡಿ ಮರೆತೆವು. ಸರಕಾರ ಮರೆಯಲಿಲ್ಲ. ಆಗಿನ ಸಚಿವೆ ವೀಣಾ ಜಾರ್ಜ್ ಮೆನು ಪರಿಷ್ಕರಿಸುವುದಾಗಿ ಹೇಳಿದರು, ಜೂನ್ 3ರಂದು ಹೊಸ ಪಟ್ಟಿ ಬಿಡುಗಡೆಯೂ ಆಯಿತು. ಮೊಟ್ಟೆ ಬಿರಿಯಾನಿ, ಪುಲಾವ್ ಸೇರಿತು. 2022ರಿಂದ ವಾರಕ್ಕೆ ಎರಡು ದಿನ ಸಿಗುತ್ತಿದ್ದ ಹಾಲು, ಮೊಟ್ಟೆ ಮೂರು ದಿನಕ್ಕೆ ಏರಿತು. ಸಕ್ಕರೆ, ಉಪ್ಪು ಕಡಿಮೆ ಮಾಡಲು ತೀರ್ಮಾನವಾಯಿತು.

ಒಳ್ಳೆಯ ಕೆಲಸ, ಸಂಶಯವಿಲ್ಲ. ಆದರೆ ತಟ್ಟೆ ಬದಲಾದ ಕೂಡಲೇ ನಾಲಗೆ ಬದಲಾಗುತ್ತದಾ? ಮಧ್ಯಾಹ್ನ ಹೆಸರುಕಾಳು, ಸೊಪ್ಪಿನ ಪಲ್ಯ ಬಡಿಸಿದರೂ ಮಗು ಅದನ್ನು ಬದಿಗೆ ಸರಿಸಿ ಬರೀ ಅನ್ನ ತಿಂದು, ಸಂಜೆ ಅಂಗಡಿಯಿಂದ ಹತ್ತು ರೂಪಾಯಿಯ ಪ್ಯಾಕೆಟ್ ಹಿಡಿದು ಬಂದರೆ ಆ ಮೆನುವಿನಿಂದ ಸಿಕ್ಕಿದ್ದೇನು? ಮಂಜೇಶ್ವರ, ಉಪ್ಪಳ, ಕುಂಬಳೆಯ ಯಾವುದೇ ಅಂಗಡಿ ಮುಂದೆ ಸಂಜೆ ಹತ್ತು ನಿಮಿಷ ನಿಂತು ನೋಡಿ. ಮಕ್ಕಳ ಎತ್ತರಕ್ಕೆ ಸರಿಯಾಗಿ ತೂಗು ಹಾಕಿರುವುದು ಬಾಳೆಹಣ್ಣಲ್ಲ, ಬಣ್ಣದ ಪ್ಯಾಕೆಟುಗಳು.

ಅಂಕಿ ಅಂಶ ಹೇಳುವುದೇನು?

ಕೇರಳದ ಕಥೆಯಲ್ಲಿ ಎರಡು ಮುಖಗಳಿವೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 23.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನವರಲ್ಲಿ ಶೇ. 39.4 ಮಂದಿಗೆ ರಕ್ತಹೀನತೆ. ಇನ್ನೊಂದು ಕಡೆ, 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ದೊಡ್ಡ ಅಧ್ಯಯನದಲ್ಲಿ ಕೇರಳದ ವಯಸ್ಕರಲ್ಲಿ ಶೇ. 25.5 ಮಂದಿಗೆ ಸಕ್ಕರೆ ಕಾಯಿಲೆ ಇರುವುದು ಕಂಡುಬಂತು. ಇಡೀ ದೇಶದ ಸರಾಸರಿ ಶೇ. 11.4 ಮಾತ್ರ. ಬಾಲ್ಯದಲ್ಲಿ ಪೋಷಕಾಂಶದ ಕೊರತೆ, ದೊಡ್ಡವರಾದ ಮೇಲೆ ಸಕ್ಕರೆಯ ಗುಳಿಗೆ. ಗಲ್ಫ್‌ನಿಂದ ಊರಿಗೆ ಮರಳಿದವರ ಮನೆಗಳಲ್ಲಿ ಔಷಧಿ ಡಬ್ಬಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೇಂದ್ರವೂ ಸುಮ್ಮನೆ ಕೂತಿಲ್ಲ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ 'ಶುಗರ್ ಬೋರ್ಡ್' ಹಾಕಲು ಹೇಳಿತು. ಯಾವ ತಿಂಡಿ, ಪಾನೀಯದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಗೋಡೆಯ ಮೇಲೆ ತೋರಿಸುವ ಫಲಕ ಅದು. ದೊಡ್ಡ ಮಕ್ಕಳಿಗೆ ಇದು ಒಳ್ಳೆಯದೇ. ಆದರೆ ಮೂರರಿಂದ ಆರು ವರ್ಷದ ಮಗುವಿಗೆ ಓದಲು ಬರುವುದಿಲ್ಲ, ಗ್ರಾಂ ಅಂದರೆ ಏನೆಂದು ಗೊತ್ತಿಲ್ಲ. ಪೋಸ್ಟರ್ ಅಂಟಿಸಿ, 'ತರಕಾರಿ ತಿನ್ನಬೇಕು ಮಕ್ಕಳೇ' ಎಂದು ಒಕ್ಕೊರಲಿನಲ್ಲಿ ಹೇಳಿಸಿದರೆ ಮಗುವಿಗೆ ಒಂದು ವಾಕ್ಯ ಬಾಯಿಪಾಠ ಬರಬಹುದು, ತರಕಾರಿ ರುಚಿಸಲಾರದು.

ಈ ವಯಸ್ಸಿನ ಮಗು ಕಲಿಯುವುದು ಕೈಯಿಂದ, ಮೂಗಿನಿಂದ, ಬಾಯಿಯಿಂದ. 1970ರ ದಶಕದಲ್ಲಿ ಫ್ರಾನ್ಸಿನ ಜಾಕ್ ಪ್ಯುಸೆ ಎಂಬವರು ಮಕ್ಕಳಿಗಾಗಿ 'ರುಚಿಯ ತರಗತಿ' ಶುರುಮಾಡಿದರು. ಮುಟ್ಟು, ಮೂಸು, ಆಲಿಸು, ರುಚಿ ನೋಡು, ಆಮೇಲೆ ನಿನಗೆ ಏನನಿಸಿತು ಹೇಳು: ಇಷ್ಟೇ ಅದರ ಪಾಠ. ಅದೇ ದಾರಿಯನ್ನು ಫಿನ್ಲೆಂಡಿನ ಶಿಶುವಿಹಾರಗಳು ಬೆಳೆಸಿಕೊಂಡವು. ಮಕ್ಕಳ ಆಹಾರದ ಬಗ್ಗೆ ಸಂಶೋಧನೆ ಮಾಡಿದವರು ಮತ್ತೆ ಮತ್ತೆ ಹೇಳಿರುವ ಇನ್ನೊಂದು ಮಾತು: ಹೊಸ ತಿನಿಸನ್ನು ಮಗು ಒಪ್ಪಲು ಎಂಟು-ಹತ್ತು ಸಲ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಸಲ ರುಚಿ ನೋಡಬೇಕಾಗಬಹುದು. ನಾವು ಎರಡು ಸಲ ಕೊಟ್ಟು, 'ನನ್ನ ಮಗ ನುಗ್ಗೆಸೊಪ್ಪು ಮುಟ್ಟುವುದೇ ಇಲ್ಲ' ಅಂತ ತೀರ್ಪು ಕೊಟ್ಟುಬಿಡುತ್ತೇವೆ!

ದುಡ್ಡು ಬೇಡ, ಸಮಯ ಬೇಕು

ಇದಕ್ಕೆ ಸ್ಮಾರ್ಟ್ ಕ್ಲಾಸ್ ಬೇಕಿಲ್ಲ. ನಮ್ಮ ಅಂಗನವಾಡಿ, ಎಲ್‌ಕೆಜಿ ತರಗತಿಗಳಲ್ಲಿ ನಾಳೆಯೇ ಶುರುಮಾಡಬಹುದಾದ ಕೆಲವು ಆಟಗಳನ್ನು ನೋಡಿ.

ಮೊದಲನೆಯದು ಚೀಲದ ಆಟ. ಬಟ್ಟೆ ಚೀಲದೊಳಗೆ ಬೆಂಡೆ, ಹಾಗಲ, ಟೊಮೆಟೊ, ನಿಂಬೆ ಹಾಕಿ. ಮಗು ಕಣ್ಣು ಮುಚ್ಚಿ ಕೈ ಹಾಕಿ ಏನೆಂದು ಹೇಳಬೇಕು. ಹಾಗಲದ ಗುಳ್ಳೆ ಮುಟ್ಟಿ ನಕ್ಕ ಮಗು ಮುಂದೆ ಅದನ್ನು ತಟ್ಟೆಯಲ್ಲಿ ಕಂಡಾಗ ಮೊದಲಿನಷ್ಟು ಹೆದರುವುದಿಲ್ಲ.

ಎರಡನೆಯದು ಮೊಳಕೆ. ರಾತ್ರಿ ನೆನೆಸಿದ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮಕ್ಕಳು ದಿನಾ ಬಿಚ್ಚಿ ನೋಡಲಿ. ಎರಡು ಮೂರು ದಿನಕ್ಕೆ ಬಾಲ ಬರುತ್ತದೆ. ಅದನ್ನು ಬೇಯಿಸಿ, ತೆಂಗಿನತುರಿ ಹಾಕಿ ಕೊಟ್ಟರೆ 'ಇದು ನಾನು ಬೆಳೆಸಿದ್ದು' ಅಂತ ತಿನ್ನುವ ಮಕ್ಕಳೇ ಹೆಚ್ಚು. ಹಿತ್ತಲಲ್ಲಿ ಒಂದಿಷ್ಟು ಜಾಗ ಇದ್ದರೆ ಹರಿವೆ ಬೀಜ ಚೆಲ್ಲಿ, ಒಂದು ತಿಂಗಳಲ್ಲಿ ಕೊಯ್ಯಬಹುದು.

ಮೂರನೆಯದು ಅಂಗಡಿ ಆಟ. ಒಬ್ಬ ಅಂಗಡಿಯವ, ಉಳಿದವರು ಗಿರಾಕಿಗಳು. ಇಲ್ಲಿ ಗಡಿನಾಡಿನ ನಮಗೆ ಇನ್ನೊಂದು ಲಾಭವಿದೆ. ಕಾಸರಗೋಡಿನ ಒಂದೇ ಕೋಣೆಯಲ್ಲಿ ಬ್ಯಾರಿ, ತುಳು, ಮಲಯಾಳಂ, ಕನ್ನಡ ಮಾತಾಡುವ ಮಕ್ಕಳು ಕೂತಿರುತ್ತಾರೆ. ಒಬ್ಬನಿಗೆ 'ಬೂತಾಯಿ', ಇನ್ನೊಬ್ಬಳಿಗೆ ಅದೇ ಮೀನು 'ಮತ್ತಿ'. ಒಂದು ಮನೆಯಲ್ಲಿ 'ತೆತ್ತಿ', ಇನ್ನೊಂದರಲ್ಲಿ 'ಮುಟ್ಟ', ಪುಸ್ತಕದಲ್ಲಿ 'ಮೊಟ್ಟೆ'. ಬರೀ ಮಲಯಾಳದಲ್ಲಿ ಪಾಠ ಹೇಳಿದರೆ ಅರ್ಧ ಮಕ್ಕಳು ಸುಮ್ಮನೆ ಕೂರುತ್ತಾರೆ. ಎದುರಿಗೆ ವಸ್ತು ಇಟ್ಟು ಎಲ್ಲರ ಹೆಸರನ್ನೂ ಕೇಳಿದರೆ ಊಟದ ಪಾಠವೇ ಭಾಷೆಯ ಪಾಠವಾಗುತ್ತದೆ. ಕನ್ನಡ ಅಂಗನವಾಡಿ ಉಳಿಯಬೇಕು ಅಂತ ಹೋರಾಡುವ ನಾವು ಈ ಮಾತನ್ನೂ ಸೇರಿಸಿ ಕೇಳಬೇಕು.

ನಾಲ್ಕನೆಯದು ಸ್ವಲ್ಪ ದೊಡ್ಡ ಮಕ್ಕಳಿಗೆ: ಸಕ್ಕರೆ ಅಳತೆ. ಸಾಮಾನ್ಯ ಕೋಲಾದಲ್ಲಿ 100 ಮಿ.ಲೀ.ಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. ಒಂದು ಟೀ ಚಮಚ ಅಂದರೆ ಸುಮಾರು 4 ಗ್ರಾಂ. ಅಂದರೆ 250 ಮಿ.ಲೀ. ಬಾಟಲಿಗೆ ಆರು ಚಮಚ. ಮಕ್ಕಳ ಕೈಯಿಂದಲೇ ಆರು ಚಮಚ ಸಕ್ಕರೆಯನ್ನು ಖಾಲಿ ಗ್ಲಾಸಿಗೆ ಹಾಕಿಸಿ. ಭಾಷಣ ಬೇಕಾಗಿಲ್ಲ, ಗ್ಲಾಸೇ ಮಾತಾಡುತ್ತದೆ.

ಎಚ್ಚರ ವಹಿಸಬೇಕಾದ ವಿಷಯಗಳೂ ಇವೆ. ಪುಟ್ಟ ಮಕ್ಕಳಿಗೆ ಇಡೀ ನೆಲಗಡಲೆ, ಇಡೀ ದ್ರಾಕ್ಷಿ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಅಲರ್ಜಿ ಇದೆಯಾ ಎಂದು ತಾಯಂದಿರನ್ನು ಮೊದಲೇ ಕೇಳಬೇಕು. ಆಟ ಯಾವುದೇ ಇರಲಿ, ಕೈ ತೊಳೆದೇ ಶುರುವಾಗಬೇಕು. ಎಲ್ಲಕ್ಕಿಂತ ಮುಖ್ಯ, ಯಾವ ಮಗುವಿನ ಡಬ್ಬಿಯನ್ನೂ ಎತ್ತಿ ತೋರಿಸಿ 'ಇದು ಕೆಟ್ಟ ತಿಂಡಿ' ಅನ್ನಬಾರದು, ದಪ್ಪ-ಸಣಕಲು ಎಂದು ಹೆಸರಿಡಬಾರದು. ಬಡವರ ಮನೆಯ ಡಬ್ಬಿಗೆ ಅದರದೇ ಕಾರಣಗಳಿರುತ್ತವೆ.

ಟೀಚರ್ ಒಬ್ಬರ ಮೇಲೆ ಎಷ್ಟು ಹೊರೆ?

ಹಾಗಾದರೆ ಇದು ಯಾಕೆ ಎಲ್ಲೆಡೆ ನಡೆಯುತ್ತಿಲ್ಲ? ಕಾಗದದ ಮೇಲೆ ಎಲ್ಲವೂ ಇದೆ. 2023ರ ಮೇ 10ರಂದು ಕೇಂದ್ರ ಸರಕಾರ 'ಪೋಷಣ್ ಭೀ, ಪಢಾಯೀ ಭೀ' ಕಾರ್ಯಕ್ರಮ ಶುರುಮಾಡಿತು. ಪೋಷಣೆಯ ಜೊತೆಗೆ ಆಟದ ಮೂಲಕ ಕಲಿಕೆ ಎಂಬುದೇ ಅದರ ಉದ್ದೇಶ. ಆದರೆ ಅದೇ ಅಂಗನವಾಡಿ ಕಾರ್ಯಕರ್ತೆ ಮಕ್ಕಳ ತೂಕ ನೋಡಬೇಕು, ಮನೆ ಭೇಟಿಗೆ ಹೋಗಬೇಕು, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಎಲ್ಲವನ್ನೂ ತುಂಬಿಸಬೇಕು. 2025ರ ಜುಲೈಯಿಂದ ಮನೆಗೆ ಕೊಡುವ ರೇಷನ್ನಿಗೆ ಫಲಾನುಭವಿಗಳ ಮುಖ ಗುರುತಿಸುವ ಕೆಲಸವೂ ಸೇರಿಕೊಂಡಿತು. ಕೈಯಲ್ಲಿ ಮೊಬೈಲ್ ಹಿಡಿದು ನೆಟ್‌ವರ್ಕ್ ಹುಡುಕುವವರು ಮೊಳಕೆ ಬಿಚ್ಚಿ ತೋರಿಸುವುದು ಯಾವಾಗ? ಮೆನು ಬದಲಿಸಿದ ಸರಕಾರ ಅವರ ಸಮಯವನ್ನೂ ಉಳಿಸಿಕೊಡಬೇಕು.

ನಮ್ಮ ಪಾಲೂ ಇದೆ. ಪಂಚಾಯತ್ ಸದಸ್ಯರು ಒಂದು ಕೈತೋಟಕ್ಕೆ ಬೇಲಿ ಹಾಕಿಸಬಹುದು. ಯುವಕರ ಕ್ಲಬ್ಬುಗಳು ಕ್ರಿಕೆಟ್ ಟೂರ್ನಮೆಂಟಿಗೆ ಎತ್ತುವ ಹಣದಲ್ಲಿ ಸಣ್ಣ ಪಾಲು ಕೊಟ್ಟರೂ ಒಂದು ಅಂಗನವಾಡಿಯ ವರ್ಷದ ಬೀಜ, ಹಣ್ಣು, ಚೀಲ ಎಲ್ಲ ಆದೀತು. ಬೆಳಗ್ಗೆ ಬೇಗ ಮದ್ರಸಕ್ಕೆ ಹೊರಡುವ ಪುಟ್ಟ ಮಕ್ಕಳು ಚಹಾ-ಬಿಸ್ಕೆಟಿನಲ್ಲೇ ಎಷ್ಟು ಹೊತ್ತು ಇರುತ್ತಾರೆ ಎಂಬುದನ್ನು ಮದ್ರಸ ಸಮಿತಿಗಳೂ ಒಮ್ಮೆ ವಿಚಾರಿಸಲಿ. ಗಲ್ಫ್‌ನಿಂದ ಬರುವ ಮಾಮ, ಕಾಕಂದಿರು ಚಾಕಲೇಟು ಪೆಟ್ಟಿಯ ಭಾರ ಸ್ವಲ್ಪ ಇಳಿಸಿ ಖರ್ಜೂರ, ಬಾದಾಮಿ ತುಂಬಿಸಿದರೆ ಪ್ರೀತಿ ಕಡಿಮೆಯಾಗುವುದಿಲ್ಲ.

ಇನ್ನು ಮನೆಯ ಅಡುಗೆ. ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಬೂತಾಯಿ ಸಾರು, ನುಗ್ಗೆಸೊಪ್ಪು, ಪಪ್ಪಾಯಿ, ಹಲಸು: ಕರಾವಳಿಯ ತಟ್ಟೆಗೆ ಪೌಷ್ಟಿಕತೆ ಹೊರಗಿನಿಂದ ಬರಬೇಕಾಗಿಲ್ಲ. ಕಳೆದುಹೋಗಿರುವುದು ಮಗುವಿಗೂ ಆ ಅಡುಗೆಗೂ ಇದ್ದ ನಂಟು. ಸೊಪ್ಪು ಬಿಡಿಸಲು, ಬಟಾಣಿ ಸುಲಿಯಲು, ಪುಂಡಿಯ ಹಿಟ್ಟು ಉಂಡೆ ಮಾಡಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಡುಗೆಮನೆ ಸ್ವಲ್ಪ ಹರಡುತ್ತದೆ, ಹರಡಲಿ.

ಅವತ್ತು ಒಬ್ಬ ಪುಟ್ಟ ಹುಡುಗ ತನಗೆ ಬೇಕಾದ್ದನ್ನು ಕೇಳಿದ, ಒಂದು ರಾಜ್ಯದ 33 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳ ಮೆನು ಬದಲಾಯಿತು. ಮಕ್ಕಳ ಮಾತಿಗೆ ಬೆಲೆ ಇದೆ ಎಂದು ಅಲ್ಲೇ ಗೊತ್ತಾಯಿತು. ಇನ್ನು ಅವರ ಕೈಗೂ ಒಂದಿಷ್ಟು ಕೆಲಸ ಕೊಡೋಣ. ನಿಮ್ಮ ಮಗು ಹೋಗುವ ಅಂಗನವಾಡಿಗೆ ಈ ವಾರ ಒಮ್ಮೆ ಹೋಗಿ ಬನ್ನಿ. 'ಇವತ್ತು ಏನು ಕೊಟ್ಟಿರಿ?' ಎಂದು ಕೇಳಿದ ಮೇಲೆ, 'ಇವತ್ತು ಮಕ್ಕಳು ಏನು ಮುಟ್ಟಿ ನೋಡಿದರು?' ಎಂದೂ ಕೇಳಿ.