ಕೆಂಚಿಗೆ ಇನ್ನೂ ಎರಡೇ ವರ್ಷ

ಏಪ್ರಿಲ್ 14ರ ಮೆರವಣಿಗೆಗೆ ಕುದುರೆ ಯಾಕೆ ಬರಲಿಲ್ಲ ಅಂತ ತುಂಬಾ ಜನ ಕೇಳಿದೀರಿ. ಕೆಲವರು "ಹೆದರಿಬಿಟ್ರಾ ಅಣ್ಣ?" ಅಂತಲೂ ಕೇಳಿದ್ರಿ. ಒಬ್ಬೊಬ್ಬರಿಗೆ ಹೇಳಿ ಮುಗಿಯಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಅಜ್ಜಂಪುರ ತಾಲ್ಲೂಕಿನ ಒಂದು ಊರು. ಅಲ್ಲಿನ ಎ.ಕೆ. ಕಾಲೋನಿಯ ಹುಡುಗ, ಗೂಡ್ಸ್ ಆಟೋ ಓಡಿಸ್ತಾನೆ. ಅವನ ಹೆಸರು, ಊರಿನ ಹೆಸರು ಎರಡೂ ಬರೆಯಲ್ಲ, ಅವನೇ ಬೇಡ ಅಂದಿದಾನೆ. ಕಳೆದ ದೀಪಾವಳಿ ಹೊತ್ತಿಗೆ, ಕುರಿ ಹಿಂಡಿನ ಜೊತೆ ಸಾಮಾನು ಹೊರೋ ಕುದುರೆಗಳನ್ನ ಹೊಡ್ಕೊಂಡು ಬಂದಿದ್ದ ಕುರಿಗಾರರ ಹತ್ರ ಒಂದು ಹೆಣ್ಣು ಮರಿ ತಗೊಂಡ. 18,000 ರೂಪಾಯಿ. ಆಟೋ ಕಂತು ಇನ್ನೂ ಬಾಕಿ ಇದ್ದಾಗಲೇ. ಸುದ್ದಿ ಗೊತ್ತಾಗಿ ನಾನು ಓಡಿ ಹೋದೆ. ಇದರ ಹಿಂದೆ ಏನೋ ಸ್ವಾಭಿಮಾನದ ಕಥೆ ಇರುತ್ತೆ, ಬರೆಯೋಣ ಅಂತ. "ಯಾಕಪ್ಪಾ ಕುದುರೆ ತಗೊಂಡೆ?" ಅಂದೆ. "ಚಿಕ್ಕಂದಿನಿಂದ ಆಸೆ ಇತ್ತಣ್ಣ" ಅಂದ. ಅಷ್ಟೇ. ನಮ್ಮ ಸಂಘದವರು 'ಕ್ರಾಂತಿ' ಅಂತ ಹೆಸರಿಡೋಣ ಅಂದ್ರು. ಅಷ್ಟೊತ್ತಿಗೆ ಅವನ ಅವ್ವ ಮೈಬಣ್ಣ ನೋಡಿ ಕೆಂಚಿ ಅಂತ ಕರೆದಾಗಿತ್ತು, ಮರಿ ಆ ಹೆಸರಿಗೆ ಕಿವಿ ತಿರುಗಿಸೋಕೂ ಶುರು ಮಾಡಿತ್ತು.

ಕುದುರೆ ಅಂದಕೂಡಲೇ ನನ್ನ ತಲೆಗೆ ಬರೋದು ಟಿಂಬಿ. ಗುಜರಾತಿನ ಭಾವನಗರ ಜಿಲ್ಲೆಯ ಆ ಹಳ್ಳಿಯಲ್ಲಿ 2018ರ ಮಾರ್ಚ್ ಕೊನೆಯಲ್ಲಿ 21 ವರ್ಷದ ದಲಿತ ಯುವಕನನ್ನ ಕೊಂದರು. ಕುದುರೆ ಸಾಕಿದ್ದಕ್ಕೆ, ಅದರ ಮೇಲೆ ಕೂತು ಓಡಾಡಿದ್ದಕ್ಕೆ ಅಂತ ಅವನ ತಂದೆ ಹೇಳಿದರು. ಆ ಮಗ ಮದುವೆ ಗಂಡಲ್ಲ, ಮೆರವಣಿಗೆಯಲ್ಲೂ ಇರಲಿಲ್ಲ. ಅದೇ ವರ್ಷ ಜುಲೈನಲ್ಲಿ ಉತ್ತರ ಪ್ರದೇಶದ ಕಾಸ್‌ಗಂಜ್ ಜಿಲ್ಲೆಯಲ್ಲಿ ಒಬ್ಬ ದಲಿತ ಮದುಮಗನ ದಿಬ್ಬಣ ಊರೊಳಗೆ ಹೋಗೋಕೆ ಪೊಲೀಸ್ ಪಡೆಯೇ ನಿಲ್ಲಬೇಕಾಯಿತು. ಊರಿನಲ್ಲಿ ಅಸ್ಪೃಶ್ಯ ಏನೇನು ಮಾಡಿದರೆ ಅಪರಾಧ ಅಂತ ಬಾಬಾಸಾಹೇಬರು ಪಟ್ಟಿ ಮಾಡಿದಾರಲ್ಲ, ಅದರಲ್ಲಿ ಕುದುರೆ ಏರಿ ಊರೊಳಗೆ ಹೋಗೋದೂ ಇದೆ.

ಕಾನೂನು ಇಲ್ಲವೇ ಅಂದರೆ ಇದೆ. 2015ರಲ್ಲಿ ತಿದ್ದುಪಡಿಯಾಗಿ 2016ರ ಜನವರಿ 26ರಿಂದ ಜಾರಿಗೆ ಬಂದ ದೌರ್ಜನ್ಯ ತಡೆ ಕಾಯ್ದೆಯನ್ನ ತೆಗೆದು ನೋಡಿ. ನಮ್ಮವರು ಸೈಕಲ್, ಬೈಕ್ ಹತ್ತೋದನ್ನ, ಚಪ್ಪಲಿ ಮೆಟ್ಟೋದನ್ನ, ಹೊಸ ಬಟ್ಟೆ ಹಾಕೋದನ್ನ ತಡೆದರೆ ಅಪರಾಧ. ಮದುವೆ ಮೆರವಣಿಗೆಯಲ್ಲಿ ಕುದುರೆ ಏರೋದನ್ನ ತಡೆದರೂ ಅಪರಾಧ. ಕುದುರೆ ಅನ್ನೋ ಪದ ಬಂದಿರೋದು ಮದುವೆ ಮೆರವಣಿಗೆ ಜೊತೆಗೇ. ಕಾನೂನು ಬರೆದವರ ಕಣ್ಣಿಗೂ ನಾವು ಒಂದು ದಿನದ ಬಾಡಿಗೆ ಕುದುರೆಯ ಮೇಲೆ ಕಂಡಿದೀವೇ ಹೊರತು, ಬೆಳಗಾಗೆದ್ದು ಲದ್ದಿ ಬಾಚಿ ಹುರುಳಿ ನೆನೆಹಾಕೋ ಕುದುರೆ ಯಜಮಾನರಾಗಿ ಕಂಡಿಲ್ಲ.

ನಮ್ಮ ಹುಡುಗನಿಗೆ ಊರಲ್ಲಿ ಬಂದ ಮಾತು ಏನು ಗೊತ್ತಾ? ಯಾರೂ ಬೈಯಲಿಲ್ಲ. ಅರಳಿಕಟ್ಟೆ ಮೇಲೆ ಕೂತಿದ್ದ ಒಬ್ಬರು ನಗುನಗ್ತಾ "ಸಾಕ್ಕೊಳ್ಳಲೇ, ಬೇಡ ಅಂದೋರ್ಯಾರು? ಹಿಡ್ಕೊಂಡು ನಡಿ. ಹತ್ತೋದೇನಿದ್ರೂ ಊರಾಚೆ ಇಟ್ಕೊ" ಅಂದ್ರು. ಅವತ್ತಿನಿಂದ ಇವತ್ತಿನವರೆಗೆ ಅವನು ಹತ್ತಿಲ್ಲ. ದಿನಾ ಸಂಜೆ ಆ ಕಟ್ಟೆ ಮುಂದೇನೇ ಹಗ್ಗ ಹಿಡ್ಕೊಂಡು ಪಕ್ಕದಲ್ಲಿ ನಡೀತಾನೆ. ಊರವರು ಹುಡುಗ ಮಾತು ಕೇಳಿದ ಅಂದ್ಕೊಂಡಿದಾರೆ. ನಮ್ಮವರೂ ಹಾಗೇ ಅಂದ್ಕೊಂಡ್ರು. ನಿಜ ಹೇಳ್ತೀನಿ, ಮಾರ್ಚ್‌ವರೆಗೆ ನಾನೂ ಹಾಗೇ ಅಂದ್ಕೊಂಡಿದ್ದೆ.

ಅದಕ್ಕೇ ಕಡೂರಿನ ಪೂರ್ವಭಾವಿ ಸಭೆಯಲ್ಲಿ ನಾನೇ ಎದ್ದು ನಿಂತು ಹೇಳಿದ್ದು: ಈ ಸಲ ಜಯಂತಿ ಮೆರವಣಿಗೆಯ ಮುಂದೆ ಕೆಂಚಿ ಮೇಲೆ ಅವನು ಕೂತು ಬರಲಿ, ನೀಲಿ ಶಾಲು ಹೊದ್ದು. ಚಪ್ಪಾಳೆ ಬಿತ್ತು. ಬ್ಯಾನರ್ ಡಿಸೈನೂ ಆಯ್ತು. ಮುಖಂಡರೊಬ್ಬರು "ನಾನೂ ಒಂದು ರೌಂಡ್ ಕೂರ್ತೀನಿ" ಅಂದ್ರು. ಅವರ ತೂಕ 90 ಕೆ.ಜಿ.ಗೆ ಕಮ್ಮಿ ಇಲ್ಲ. ಕುದುರೆಯ ಮಾಲೀಕನನ್ನ ಮಾತ್ರ ಯಾರೂ ಕೇಳಿರಲಿಲ್ಲ.

ಅವನು ಆಗಲ್ಲ ಅಂದ. ನನಗೆ ಸಿಟ್ಟು ಬಂತು. ಟಿಂಬಿ ಕಥೆ ಹೇಳಿದೆ, ಕಾಯ್ದೆ ಸೆಕ್ಷನ್ ಹೇಳಿದೆ, ಭದ್ರಾವತಿಯಲ್ಲಿದ್ದ ಪ್ರೊ. ಬಿ. ಕೃಷ್ಣಪ್ಪನವರ ಕಾಲದ ಹೋರಾಟ ಹೇಳಿದೆ. ಎಲ್ಲಾ ಕೇಳಿಸ್ಕೊಂಡು "ಶುಕ್ರವಾರ ಬಾರಣ್ಣ, ಸಾಬ್ರು ಬರ್ತಾರೆ" ಅಂದ.

ಸಾಬ್ರು ಅಂದ್ರೆ ತರೀಕೆರೆಯವರು, ಒಂದು ಕಾಲಕ್ಕೆ ಜಟಕಾ ಹೊಡೀತಿದ್ದವರು. ಎಪ್ಪತ್ತು ದಾಟಿದೆ. ಹುಡುಗ ಅವರನ್ನ ಆಟೋದಲ್ಲಿ ಕೂರಿಸ್ಕೊಂಡು ಬರ್ತಾನೆ, ಮಧ್ಯಾಹ್ನ ಊಟ ಅವನ ಮನೇಲೇ. ಅವರು ಕೆಂಚಿಯ ತುಟಿ ಎತ್ತಿ ಹಲ್ಲು ತೋರಿಸಿದರು. ಎಲ್ಲಾ ಹಾಲುಹಲ್ಲು. ಮುಂದಿನ ನಡುವಿನ ಹಲ್ಲು ಬಿದ್ದು ಹೊಸದು ಬರೋದೇ ಎರಡೂವರೆ ವರ್ಷಕ್ಕಂತೆ. ಕಾಲಿನ ಮಂಡಿ ಬಲಿಯೋದೂ ಸುಮಾರು ಅದೇ ಹೊತ್ತಿಗೆ. ಬೆನ್ನೆಲುಬು ಪೂರ್ತಿ ಗಟ್ಟಿಯಾಗೋಕೆ ಐದಾರು ವರ್ಷ ಬೇಕು. ಮೂರು ತುಂಬಿದ ಮೇಲೆ ಹಗುರ ಇರೋರು, ಸ್ವಲ್ಪ ಹೊತ್ತು, ಹತ್ತಬಹುದು. ಸವಾರ, ಜೀನು ಎಲ್ಲಾ ಸೇರಿ ಕುದುರೆ ತೂಕದ ಐದನೇ ಒಂದು ಭಾಗ ದಾಟಬಾರದು. ನಾನು ಬುದ್ಧಿವಂತನ ಹಾಗೆ "ರೇಸ್ ಕುದುರೆಗಳನ್ನ ಎರಡು ವರ್ಷಕ್ಕೇ ಓಡಿಸ್ತಾರಲ್ಲ ಸಾಬ್ರೇ" ಅಂದೆ. "ಅದು ದುಡ್ಡಿನೋರ ಆಟ ಸ್ವಾಮಿ. ಕಾಲು ಮುರಿದ್ರೆ ಇನ್ನೊಂದು ತರ್ತಾರೆ. ಇವನು ಎಲ್ಲಿಂದ ತರ್ತಾನೆ?" ಅಂದ್ರು.

ಆಮೇಲೆ ಅವನು ಇಷ್ಟು ದಿನ ಏನು ಮಾಡ್ತಿದ್ದ ಅಂತ ಕೂತು ನೋಡಿದೆ. ದನಕ್ಕಾದರೆ ಮೂಗುದಾರ ಹಾಕಿ ಎಳೀತೀವಿ. ಇಲ್ಲಿ ತಲೆಗೆ ಹಾಕಿದ ಹಗ್ಗ ಅಷ್ಟೇ. ಅವನು ಹಗ್ಗವನ್ನ ಒಂಚೂರು ಬಿಗಿ ಮಾಡ್ತಾನೆ, ಕಾಯ್ತಾನೆ. ಮರಿ ಒಂದು ಹೆಜ್ಜೆ ಇಟ್ಟಿತೋ, ಆ ಕ್ಷಣಕ್ಕೆ ಸಡಿಲ ಬಿಡ್ತಾನೆ. ಬಿಡೋದು ಒಂದು ಕ್ಷಣ ತಡ ಆದ್ರೂ ಅದಕ್ಕೆ ಏನು ಕಲಿತೆ ಅನ್ನೋದು ಗೊತ್ತಾಗಲ್ಲ ಅಂತ ಸಾಬ್ರು ಬೈತಾರೆ. ನಾಲ್ಕೂ ಕಾಲು ಒಂದೊಂದಾಗಿ ಎತ್ತಿಸಿ ಗೊರಸಿನ ಸಂದಿ ಕೆರೆದು ಕ್ಲೀನ್ ಮಾಡ್ತಾನೆ. ಮೊದಮೊದಲು ಹಿಂಗಾಲು ಮುಟ್ಟೋಕೆ ಒಂದೂವರೆ ತಿಂಗಳು ಹಿಡೀತಂತೆ, ಒಂದು ಸಲ ತೊಡೆಗೆ ಒದೆಸಿಕೊಂಡು ವಾರ ಆಟೋ ಓಡಿಸಿಲ್ಲ. ಎಡಗಡೆಯಿಂದ ಮಾಡಿದ್ದನ್ನೆಲ್ಲಾ ಬಲಗಡೆಯಿಂದಲೂ ಮಾಡಬೇಕು, ಇಲ್ಲಾಂದ್ರೆ ಬಲಗಡೆ ಕಂಡದ್ದಕ್ಕೆಲ್ಲಾ ಬೆದರುತ್ತೆ. ನನಗೆ ತುಂಬಾ ಇಷ್ಟವಾಗಿದ್ದು ತಮಟೆ ಪಾಠ. ಕಾಲೋನಿಯ ತಮಟೆ ಹುಡುಗರನ್ನ ದೂರದ ಹುಣಸೆಮರದ ಹತ್ರ ನಿಲ್ಲಿಸಿ ಮೆತ್ತಗೆ ಬಡಿಸ್ತಾನೆ, ಇಲ್ಲಿ ಮರಿಗೆ ಹುರುಳಿ ತಿನ್ನಿಸ್ತಾನೆ. ವಾರಕ್ಕೆ ಹತ್ತು ಹೆಜ್ಜೆ ಹತ್ತಿರ. ಈಗ ಮನೆ ಮುಂದೇನೇ ಬಡಿದ್ರೂ ಕಿವಿ ಆಡಿಸುತ್ತೆ ಅಷ್ಟೇ. ಆದರೆ ಡಿಜೆ, ಪಟಾಕಿ, ಸಾವಿರ ಜನ? ಅದರ ಮಧ್ಯೆ ನಾನು ಇವಳ ಮೇಲೆ ಒಬ್ಬನನ್ನ ಕೂರಿಸೋಕೆ ಹೊರಟಿದ್ದೆ.

"ಅವರು ಹತ್ತಬೇಡ ಅಂದಿದ್ದಕ್ಕೇ ನೀನು ಹತ್ತುತಿಲ್ಲ ಅಂತ ಊರೆಲ್ಲಾ ಮಾತಾಡ್ತಿದೆ ಕಣೋ" ಅಂದೆ. "ಅಂದ್ಕೊಳ್ಳಲಿ ಬಿಡಣ್ಣ. ಅವರಿಗೆ ಉತ್ತರ ಕೊಡೋಕೆ ಇವಳ ಬೆನ್ನು ಮುರೀಲಾ?" ಅಂದ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು, ನನಗೆ ನಾಚಿಕೆ ಆಗೋದು. ಫೆಬ್ರವರಿಯಲ್ಲಿ ಕಾಲೋನಿಯಲ್ಲಿ ಒಂದು ಮದುವೆ. ಅದರ ಮಾರನೇ ರಾತ್ರಿ ಕೆಂಚಿ ನೆಲಕ್ಕೆ ಬಿದ್ದು ಹೊರಳೋಕೆ ಶುರು ಮಾಡಿತು. ಮೈಯೆಲ್ಲಾ ಬೆವರು, ಹೊಟ್ಟೆ ಕಡೆ ತಿರುತಿರುಗಿ ನೋಡ್ತಿತ್ತು. ನನಗೆ ಫೋನ್ ಬಂದಾಗ ರಾತ್ರಿ ಹನ್ನೊಂದು. ನನ್ನ ಮೊದಲ ಯೋಚನೆ: ವಿಷ ಹಾಕಿದಾರೆ. ಆಫೀಸಿನಲ್ಲಿ ದಿನಾ ಅರ್ಜಿ ಬರೆಯೋ ಕೈ, ಅರ್ಧ ಗಂಟೇಲಿ ದೂರು ರೆಡಿ ಮಾಡಿದೆ, ಸೆಕ್ಷನ್ ಸಮೇತ. ಆ ಕಡೆ ಸಾಬ್ರು ಫೋನಲ್ಲೇ "ಮಲಗೋಕೆ ಬಿಡಬೇಡ, ನಡೆಸ್ತಾ ಇರು" ಅಂತ ಹೇಳಿ ರಾತ್ರಿಯಿಡೀ ನಡೆಸಿದರು. ಬೆಳಿಗ್ಗೆ ಪಶುವೈದ್ಯರು ಬಂದು ಇಂಜೆಕ್ಷನ್ ಕೊಟ್ಟು, ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ ಔಷಧಿ ಬಿಟ್ಟರು. ಕುದುರೆ ವಾಂತಿ ಮಾಡಲಾರದು, ಹೊಟ್ಟೆ ಕೆಟ್ಟರೆ ಪ್ರಾಣಕ್ಕೇ ಬರುತ್ತೆ ಅಂದ್ರು. ಏನು ತಿಂತು ಅಂತ ವಿಚಾರಿಸಿದರೆ, ಮದುವೆ ಮನೆಯ ಉಳಿದ ಅನ್ನ, ಮುದ್ದೆ, ಬೂಂದಿ. ಕಾಲೋನಿ ಮಕ್ಕಳೆಲ್ಲಾ ಪ್ರೀತಿಯಿಂದ ಒಂದೊಂದು ಬೊಗಸೆ ತಿನ್ನಿಸಿದಾರೆ. ಒಂದು ಅಜ್ಜಿ ಪಾಯಸಾನೂ ಕುಡಿಸಿತ್ತು.

ದೂರು ಹರಿದು ಹಾಕಿದೆ. ಆದರೆ ವೈದ್ಯರು ಇನ್ನೊಂದು ಪ್ರಶ್ನೆ ಕೇಳಿದ್ರು: "ದಿನಕ್ಕೆ ಎಷ್ಟು ನೀರು ಕುಡಿಯುತ್ತೆ?" ಹುಡುಗ ತಲೆ ತಗ್ಗಿಸಿದ. ಎರಡು ಕೊಡ ಅಂತೆ. ಈ ಗಾತ್ರದ ಕುದುರೆಗೂ ಬಿಸಿಲಲ್ಲಿ ಅದು ಸಾಲಲ್ಲ, ನೀರು ಕಮ್ಮಿ ಆದ್ರೆ ತಿಂದಿದ್ದು ಕರುಳಲ್ಲಿ ಕಟ್ಕೊಳ್ಳುತ್ತೆ ಅಂದ್ರು ಡಾಕ್ಟ್ರು. ಯಾಕೆ ಎರಡೇ ಕೊಡ? ಕಾಲೋನಿ ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು. ಊರ ಮುಂದೆ ಪಂಚಾಯ್ತಿಯಿಂದ ಕಟ್ಟಿಸಿದ ಜಾನುವಾರು ತೊಟ್ಟಿ ಇದೆ, ಸದಾ ತುಂಬಿರುತ್ತೆ. ಕಾಲೋನಿಯ ದನ, ಮೇಕೆ ಅಲ್ಲೇ ಕುಡೀತವೆ. ಕೆಂಚಿ ಹೋದಾಗ ಮಾತ್ರ "ಇದು ದನದ ತೊಟ್ಟಿ, ಕುದುರೆಗಲ್ಲ" ಅಂದಿದಾರೆ. ನಾಲ್ಕು ತಿಂಗಳಿಂದ ಹೀಗೇ. ಅವನು ಯಾರಿಗೂ ಹೇಳಿಲ್ಲ. ನಾನು ಅಷ್ಟು ಸಲ ಅವನ ಮನೆಗೆ ಹೋಗಿದೀನಿ, ಹತ್ತೋದರ ಬಗ್ಗೆ ಮಾತ್ರ ಕೇಳಿದೀನಿ. ನೀರಿನ ಬಗ್ಗೆ ಕೇಳಿಲ್ಲ. ಅವತ್ತು ಕೇಳಿದ ಮೇಲೂ ಮಾರ್ಚ್‌ನಲ್ಲಿ ಸಭೆಗೆ ಹೋಗಿ ಮೆರವಣಿಗೆ ಅಂದೆನಲ್ಲ, ಅದು ನೋಡಿ ನಮ್ಮ ತಲೆ.

ನಮ್ಮ ಅಜ್ಜಂಪುರ ಸೀಮೆ ಜಾನುವಾರಿಗೆ ಹೆಸರಾದದ್ದು. ಮೈಸೂರು ಅರಸರ ಬೆಣ್ಣೆ ಚಾವಡಿ, ಟಿಪ್ಪು ಕಾಲದಲ್ಲಿ ಅಮೃತ್ ಮಹಲ್ ಆಯ್ತು. ಆ ಎತ್ತುಗಳು ಫಿರಂಗಿ ಎಳೆದವು. ಇವತ್ತಿಗೂ ತಳಿ ಸಂವರ್ಧನಾ ಕೇಂದ್ರ ಇಲ್ಲೇ ಇದೆ, ಹೋರಿಕರುಗಳ ಹರಾಜಿಗೆ ದೂರದೂರದಿಂದ ರೈತರು ಬಂದು ಕೂಗ್ತಾರೆ. ಕಾವಲಲ್ಲಿ ಬೆಳೆದ ಆ ಕರುಗಳನ್ನ ಪಳಗಿಸೋದು ಒಂದು ಹೆಮ್ಮೆ. ಈ ಹೆಮ್ಮೆಯಲ್ಲಿ ನಮ್ಮ ಪಾಲು ಏನಿತ್ತು? ದನ ಸತ್ತ ಮೇಲೆ ನಮ್ಮನ್ನ ಕರೀತಿದ್ರು. ನಮ್ಮ ತಾತ ತೊಗಲು ಹದ ಮಾಡ್ತಿದ್ದರು. ಜೀನಿಗೆ, ಲಗಾಮಿಗೆ ಬೇಕಾದ ತೊಗಲು ಕೊಯ್ದು ಹೊಲಿದದ್ದು ನಮ್ಮಂಥವರ ಕೇರಿಗಳು, ಕೂತಿದ್ದು ಬೇರೆಯವರು. ಬದುಕಿರೋ ಪ್ರಾಣಿಯ ಕಿವಿ ನೋಡಿ ಅದಕ್ಕೆ ಸಿಟ್ಟೋ ಭಯವೋ ಅಂತ ಹೇಳೋ ವಿದ್ಯೆ ನಮ್ಮ ಕೈಗೆ ಬರೋಕೆ ಬಿಟ್ಟಿರಲಿಲ್ಲ. ಈ ಹುಡುಗ ಅದನ್ನ ಕಲೀತಿದಾನೆ. ನಾವು ಅವನನ್ನ ಒಂದು ದಿನದ ಫೋಟೋಗೆ ಎಳೆಯೋಕೆ ಹೋದ್ವಿ.

"ಹೊಟ್ಟೆಗಿಲ್ಲದೋನಿಗೆ ಕುದುರೆ ಯಾಕೆ, ಮೊದಲು ಭೂಮಿ ಕೇಳೋಣ" ಅನ್ನೋ ಸಂಗಾತಿಗಳೂ ಇದಾರೆ. ಭೂಮಿ ಕೇಳೋಣ, ಪಿಟಿಸಿಎಲ್ ಕೇಸುಗಳ ಫೈಲು ಹೊತ್ಕೊಂಡು ನಾನೇ ತಿರುಗ್ತಿದೀನಿ. ಆದರೆ ಬಡವ ಆಸೆಪಡಬೇಕಾದ್ದು ಏನು ಅಂತ ಪಟ್ಟಿ ಕೊಡೋ ಕೆಲಸ ನಮ್ಮದಲ್ಲ. ಆ ಪಟ್ಟಿಯನ್ನ ಊರವರು ಈಗಾಗಲೇ ಕೊಟ್ಟಿದಾರೆ.

ಹಾಗಾಗಿ ನನ್ನ ಅಭಿಪ್ರಾಯ ಇದು, ಒಪ್ಪದಿದ್ರೆ ಜಗಳಕ್ಕೆ ಬನ್ನಿ. ಅವನು ಯಾವತ್ತು ಹತ್ತಬೇಕು ಅನ್ನೋದನ್ನ ಕೆಂಚಿಯ ಮೂಳೆ ಹೇಳುತ್ತೆ, ಅರಳಿಕಟ್ಟೆಯೂ ಹೇಳಬಾರದು, ನಮ್ಮ ಸಂಘವೂ ಹೇಳಬಾರದು. ಆದರೆ ತೊಟ್ಟಿಯ ವಿಷಯಕ್ಕೆ ಮೂರು ವರ್ಷ ತುಂಬೋವರೆಗೆ ಕಾಯೋದೇನಿಲ್ಲ. ಅದೇ ಕಾಯ್ದೆಯಲ್ಲಿ, ಅದೇ ಜಾಗದಲ್ಲಿ, ಕುದುರೆಗಿಂತ ಮೊದಲೇ ಬರೆದಿದೆ: ಕೆರೆ, ಬಾವಿ, ನಲ್ಲಿ, ನೀರಿನ ಯಾವುದೇ ಜಾಗ, ರಸ್ತೆ, ಎಲ್ಲರಂತೆ ಬಳಸೋದನ್ನ ತಡೆಯೋದು ಅಪರಾಧ. ಈ ತಿಂಗಳ ಕುಂದುಕೊರತೆ ಸಭೆಗೆ ಅರ್ಜಿ ಬರೆದಿದೀನಿ. ಈ ಸಲ ಅವನಿಗೆ ಓದಿ ಹೇಳಿ, ಅವನು ಎರಡು ಕಡೆ ತಿದ್ದಿಸಿದ ಮೇಲೆ ಸಹಿ ಹಾಕಿದಾನೆ. 'ಶೋಷಿತ ಸಮುದಾಯದ ಕುದುರೆ' ಅಂತ ಬರೆದಿದ್ದೆ, ಅದನ್ನ ಹೊಡೆಸಿ ಹಾಕಿಸಿ 'ನನ್ನ ಕುದುರೆ' ಅಂತ ಬರೆಸಿದ. ಸಭೆಗೆ ಬರೋರು ಬನ್ನಿ, ದಿನಾಂಕ ತಿಳಿಸ್ತೀನಿ. ಅವನ ಮನೆಗೆ ಸೆಲ್ಫಿಗೆ ಅಂತ ಮಾತ್ರ ಹೋಗಬೇಡಿ. ಹೋದ್ರೆ ತಿನ್ನೋಕೆ ಏನೂ ಒಯ್ಯಬೇಡಿ, ಒಂದು ಕೊಡ ನೀರು ಹೊತ್ತು ಕೊಡಿ.

ಮೊನ್ನೆ ಸಂಜೆ ನಾನೂ ಅವರ ಜೊತೆ ನಡೆದೆ. ಅರಳಿಕಟ್ಟೆ ಹತ್ರ ಕೆಂಚಿ ತಾನಾಗೇ ನಿಂತಳು. ಆವತ್ತು ಊರಾಚೆ ಅಂದಿದ್ದ ಅದೇ ಮನುಷ್ಯ ಬೀಡಿ ಆರಿಸಿ, ಎದ್ದು ಬಂದು, ಸ್ವಲ್ಪ ದೂರದಲ್ಲೇ ನಿಂತು ನೋಡಿದರು. "ಎಷ್ಟು ಹಲ್ಲಾಯ್ತಲೇ ಇದಕ್ಕೆ?" ಅಂದ್ರು.

"ಇನ್ನೂ ಹಾಲುಹಲ್ಲು" ಅಂದ ಹುಡುಗ. ಹಗ್ಗ ಒಂಚೂರು ಬಿಗಿ ಮಾಡಿದ. ಕೆಂಚಿ ಹೆಜ್ಜೆ ಇಟ್ಟಳು.

ಜೈ ಭೀಮ್.